ನೆಟ್ಟಗಾದ ಕೂದಲು, ಮರೆಯಾದ ಮುಖ

ಬೆಂಗಳೂರಿನ ಯಾವುದೇ ಬಡಾವಣೆಯ ಬ್ಯೂಟಿ ಪಾರ್ಲರಿನ ದರಪಟ್ಟಿ ನೋಡಿ: ಸ್ಟ್ರೈಟನಿಂಗ್, ಸ್ಮೂತನಿಂಗ್, ರೀಬಾಂಡಿಂಗ್, ಕೆರಾಟಿನ್ ಎಂಬ ಹೆಸರುಗಳು ಸಾಲಾಗಿ ಕಾಣುತ್ತವೆ. ವಿಧಾನಗಳಲ್ಲಿ ವ್ಯತ್ಯಾಸವಿದ್ದರೂ ಉದ್ದೇಶ ಹೆಚ್ಚುಕಡಿಮೆ ಒಂದೇ. ಹುಟ್ಟಿನಿಂದ ಬಂದ ಗುಂಗುರನ್ನು ರಾಸಾಯನಿಕದ ಬಲದಿಂದ ಕಳೆದು ಅಥವಾ ತಗ್ಗಿಸಿ, ಕೂದಲು ನೆಟ್ಟಗೆ ಇಳಿಬೀಳುವಂತೆ ಮಾಡುವುದು. ಮದುವೆಗೆ ಮುಂಚೆ, ಕೆಲಸದ ಸಂದರ್ಶನಕ್ಕೆ ಮುಂಚೆ ಗಂಟೆಗಟ್ಟಲೆ ಕುರ್ಚಿಯಲ್ಲಿ ಕುಳಿತು, ಮೂಗಿಗಡರುವ ವಾಸನೆಯನ್ನು ಸಹಿಸಿಕೊಂಡು, ಸಾವಿರಾರು ರೂಪಾಯಿ ತೆತ್ತು ಬರುವವರಿದ್ದಾರೆ. ಕುರುಳು, ಮುಂಗುರುಳುಗಳನ್ನು ಚೆಲುವಿನ ಲಕ್ಷಣವೆಂದು ಬಗೆದು ಕಾವ್ಯದಲ್ಲಿ ಕೊಂಡಾಡಿದ ಭಾಷೆ ನಮ್ಮದು. ಆ ಕುರುಳೇ ತಿದ್ದಬೇಕಾದ ದೋಷವಾಗಿ ಕಾಣತೊಡಗಿದ್ದು ಹೇಗೆ ಎಂಬ ಪ್ರಶ್ನೆ ಅಷ್ಟು ಸರಳವಾದದ್ದಲ್ಲ.

ಈ ವ್ಯಾಪಾರದ ಮೊದಲ ಪುಟಗಳನ್ನು ತೆರೆದರೆ ಅಲ್ಲಿ ಎದುರಾಗುವವರಲ್ಲಿ ಪ್ರಮುಖನಾದವನು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಒಬ್ಬ ಹೊಲಿಗೆಯಂತ್ರ ರಿಪೇರಿಗಾರ. ಹೆಸರು ಗ್ಯಾರೆಟ್ ಅಗಸ್ಟಸ್ ಮಾರ್ಗನ್. ಅಮೆರಿಕದ ಶಾಲಾಮಕ್ಕಳು ಇಂದು ಆತನನ್ನು ಹೊಗೆಯಿಂದ ರಕ್ಷಿಸುವ ಮುಸುಕನ್ನೂ ಸಂಚಾರ ನಿಯಂತ್ರಣದ ಸಂಕೇತವನ್ನೂ ರೂಪಿಸಿದ ಸಂಶೋಧಕನೆಂದು ಓದುತ್ತಾರೆ. ಆದರೆ ಆತನ ಸಂಶೋಧಕ ಬದುಕಿಗೆ ದೀರ್ಘಕಾಲ ಹಣದ ಆಸರೆಯಾಗಿ ನಿಂತದ್ದು ಗುಂಗುರು ಕೂದಲನ್ನು ನೆಟ್ಟಗಾಗಿಸುವ ಒಂದು ಲೇಪ. ಆ ಲೇಪದ ಕಥೆಯನ್ನೂ ಮುಸುಕಿನ ಕಥೆಯನ್ನೂ ಬೇರೆಬೇರೆಯಾಗಿ ಹೇಳುವುದು ವಾಡಿಕೆ. ಜೊತೆಗಿಟ್ಟು ನೋಡಿದರೆ ಎರಡೂ ಒಂದೇ ಕಥೆಯೆಂದು ತಿಳಿಯುತ್ತದೆ.

ಮಾರ್ಗನ್ ಹುಟ್ಟಿದ್ದು 1877ರ ಮಾರ್ಚ್ 4ರಂದು, ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿಗೆ ಸೇರಿದ ಕ್ಲೇಸ್‌ವಿಲ್ ಎಂಬ ಕಪ್ಪು ಜನರ ವಸತಿಯಲ್ಲಿ. ಅಮೆರಿಕದ ಸಂವಿಧಾನ ಗುಲಾಮಗಿರಿಯನ್ನು ತೊಡೆದುಹಾಕಿ ಆಗಿನ್ನೂ 12 ವರ್ಷವಾಗಿತ್ತು. ತಂದೆತಾಯಿ ಗುಲಾಮಗಿರಿಯ ದಿನಗಳನ್ನು ಕಂಡವರು. 11 ಮಕ್ಕಳಲ್ಲಿ 7ನೆಯವನಾದ ಈತನ ಶಾಲೆ ಪ್ರಾಥಮಿಕ ಹಂತದಲ್ಲಿಯೇ ಮುಗಿಯಿತು. ಹದಿಹರೆಯದಲ್ಲಿ ಕೆಲಸ ಹುಡುಕುತ್ತ ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಹೋಗಿ, ಒಬ್ಬ ಸಿರಿವಂತನ ಬಳಿ ಚಿಕ್ಕಪುಟ್ಟ ದುರಸ್ತಿಯ ಕೆಲಸಕ್ಕೆ ಸೇರಿಕೊಂಡ. ಸಿಕ್ಕ ಕೂಲಿಯಲ್ಲಿ ಒಂದಿಷ್ಟನ್ನು ಮನೆಪಾಠದ ಶಿಕ್ಷಕನಿಗೆ ಕೊಟ್ಟು ಓದು ಮುಂದುವರಿಸಿದ. 1895ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದು, ಸಿದ್ಧ ಉಡುಪು ತಯಾರಕರೊಬ್ಬರ ಕಾರ್ಖಾನೆಯಲ್ಲಿ ಹೊಲಿಗೆಯಂತ್ರಗಳ ರಿಪೇರಿಗೆ ನಿಂತ. ಯಂತ್ರದ ಒಳಗನ್ನು ಬಿಚ್ಚಿ ಜೋಡಿಸುವುದರಲ್ಲಿ ಆತನ ಕೈ ಪಳಗಿತು. 1907ರಲ್ಲಿ ಸ್ವಂತ ರಿಪೇರಿ ಅಂಗಡಿ ತೆರೆದ. ಮರುವರ್ಷ ಮದುವೆಯಾದದ್ದು ಯುರೋಪಿನಿಂದ ವಲಸೆ ಬಂದ ಮೇರಿ ಎಂಬ ಹೊಲಿಗೆ ನಿಪುಣೆಯನ್ನು. ಆಕೆ ಬಿಳಿಯ ಹೆಣ್ಣುಮಗಳು. ಇಂಥ ಮದುವೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಅಪರಾಧವಾಗಿದ್ದ ಕಾಲವದು. 1909ರಲ್ಲಿ ಗಂಡಹೆಂಡಿರು ಹೆಂಗಸರ ಉಡುಪುಗಳ ಅಂಗಡಿಯೊಂದನ್ನು ತೆರೆದರು.

ಸುಮಾರು ಅದೇ ದಿನಗಳಲ್ಲಿ ನಡೆದದ್ದೆಂದು ಹೇಳುವ ಒಂದು ಪ್ರಸಂಗ ಆತನ ಎಲ್ಲ ಜೀವನಚರಿತ್ರೆಗಳಲ್ಲೂ ಬರುತ್ತದೆ. ವೇಗವಾಗಿ ಓಡುವ ಹೊಲಿಗೆಯಂತ್ರದ ಸೂಜಿ ಕಾದು ಉಣ್ಣೆಯ ಬಟ್ಟೆಯನ್ನು ಸುಡುತ್ತಿತ್ತು. ಇದನ್ನು ತಪ್ಪಿಸಲು ಸೂಜಿಗೆ ಬಳಿಯುವ ಒಂದು ದ್ರವವನ್ನು ಮಾರ್ಗನ್ ತಯಾರಿಸುತ್ತಿದ್ದ. ಊಟದ ಹೊತ್ತಿಗೆ ಕೈಗಂಟಿದ ದ್ರವವನ್ನು ಹತ್ತಿರದ ಒಂದು ಬಟ್ಟೆಯ ತುಂಡಿಗೆ ಒರೆಸಿ ಹೋದ. ಮರಳಿ ಬಂದು ನೋಡಿದರೆ ಆ ಬಟ್ಟೆಯ ಸುರುಳಿ ಎಳೆಗಳು ನೆಟ್ಟಗಾಗಿದ್ದವು. ನೆರೆಮನೆಯವರ ಗುಂಗುರು ರೋಮದ ನಾಯಿಯ ಮೇಲೆ ಪ್ರಯೋಗಿಸಿದಾಗ ಅದರ ರೋಮವೂ ನೇರವಾಯಿತಂತೆ. ಕೊನೆಗೆ ತನ್ನ ತಲೆಗೇ ಹಚ್ಚಿಕೊಂಡು ಪರೀಕ್ಷಿಸಿದ. 1913ರಲ್ಲಿ ಜಿ. ಎ. ಮಾರ್ಗನ್ ಹೇರ್ ರಿಫೈನಿಂಗ್ ಕಂಪನಿ ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭವಾಯಿತು. ಲೇಪದ ಜೊತೆಗೆ ತಲೆಗೂದಲಿಗೆ ಕಪ್ಪು ಬಣ್ಣ, ಬಾಗಿದ ಹಲ್ಲುಗಳ ಬಾಚಣಿಗೆ ಮುಂತಾದವನ್ನೂ ಕಂಪನಿ ಮಾರುತ್ತಿತ್ತು. ಕೊಳ್ಳುವವರು ಬಹುತೇಕ ಕಪ್ಪು ಜನ.

ಕಂಪನಿಯ ಹೆಸರನ್ನು ಒಂದು ಕ್ಷಣ ಗಮನಿಸಬೇಕು. ರಿಫೈನಿಂಗ್ ಎಂದರೆ ಶುದ್ಧೀಕರಿಸುವುದು, ಸಂಸ್ಕರಿಸುವುದು. ಕಚ್ಚಾ ಎಣ್ಣೆಯನ್ನು, ಕಚ್ಚಾ ಸಕ್ಕರೆಯನ್ನು ಸಂಸ್ಕರಿಸುವಂತೆ ಕೂದಲನ್ನು ಸಂಸ್ಕರಿಸುವುದು. ಹುಟ್ಟಿನಿಂದ ಬಂದ ಕೂದಲು ಕಚ್ಚಾ ಸರಕು, ನೆಟ್ಟಗಾದದ್ದು ಸಂಸ್ಕೃತ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿತ್ತು. ಇದು ಮಾರ್ಗನ್ ಸೃಷ್ಟಿಸಿದ ಅರ್ಥವಲ್ಲ. ಪ್ರತ್ಯೇಕವಾಗಿಟ್ಟರೂ ಸಮಾನತೆಗೆ ಭಂಗವಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ತೀರ್ಪು ಕೊಟ್ಟು, ರೈಲಿನ ಡಬ್ಬಿಯಿಂದ ಹಿಡಿದು ಶಾಲೆಯವರೆಗೆ ಬೇರ್ಪಡಿಕೆಗೆ ಕಾನೂನಿನ ಮುದ್ರೆ ಒತ್ತಿತ್ತು. ಯಾರು ಎಷ್ಟು ಬಿಳಿಯರಂತೆ ಕಾಣುತ್ತಾರೆ ಎಂಬುದರ ಮೇಲೆ ಸಿಗುವ ಕೆಲಸವೂ ಮರ್ಯಾದೆಯೂ ನಿಂತಿದ್ದ ಸಮಾಜವದು. ಮೈಬಣ್ಣವನ್ನು ಬದಲಿಸಲಾಗದು, ಕೂದಲನ್ನು ಬದಲಿಸಬಹುದು. ಹೀಗೆ ಕೂದಲು ಬರಿಯ ಅಲಂಕಾರದ ವಿಷಯವಾಗಿ ಉಳಿಯದೆ ಹೊಟ್ಟೆಪಾಡಿನ ವಿಷಯವಾಯಿತು.

ಈ ಪೇಟೆಯಲ್ಲಿ ಮಾರ್ಗನ್ ಒಬ್ಬನೇ ಇರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಯ ಮಗಳಾಗಿ 1867ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದಾಕೆ, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ಕೇಶತೈಲಗಳ ದೊಡ್ಡ ಉದ್ಯಮವನ್ನೇ ಕಟ್ಟಿದಳು. ಸಾವಿರಾರು ಕಪ್ಪು ಹೆಣ್ಣುಮಕ್ಕಳಿಗೆ ಆಕೆಯ ಉದ್ಯಮ ಸ್ವಂತ ಸಂಪಾದನೆಯ ದಾರಿಯಾಯಿತು. ತನ್ನನ್ನು ಕೂದಲು ನೆಟ್ಟಗಾಗಿಸುವವಳೆಂದು ಕರೆಯುವುದು ಆಕೆಗೆ ಹಿಡಿಸುತ್ತಿರಲಿಲ್ಲ. ಕೂದಲಿನ ಆರೋಗ್ಯ ಕಾಯುವುದೇ ತನ್ನ ಕಸುಬೆನ್ನುತ್ತಿದ್ದಳು. ಆದರೆ ಆಕೆಯ ಪದ್ಧತಿಯಲ್ಲಿಯೂ ಕಾಯಿಸಿದ ಬಾಚಣಿಗೆಗೆ ಸ್ಥಾನವಿತ್ತು. ಬಾಚಣಿಗೆಯ ಶಾಖದಿಂದ ನೇರವಾದ ಕೂದಲು ಬೆವರಿಗೋ ಮಳೆಗೋ ಮತ್ತೆ ಸುರುಳಿಯಾಗುತ್ತದೆ. ರಾಸಾಯನಿಕದ ಆಕರ್ಷಣೆ ಇದ್ದದ್ದು ಇಲ್ಲಿಯೇ: ಅದು ಎಳೆಯ ಒಳರಚನೆಯನ್ನೇ ಬದಲಿಸಿ, ನೀರು ಬಿದ್ದರೂ ಮಾಸದ ನೇರತನವನ್ನು ಕೊಡುತ್ತದೆ.

ಇನ್ನು ಮುಸುಕಿನ ಕಥೆ. ಬೆಂಕಿ ಬಿದ್ದ ಕಟ್ಟಡಗಳಲ್ಲಿ ಅಗ್ನಿಶಾಮಕರು ಜ್ವಾಲೆಗಿಂತ ಹೆಚ್ಚಾಗಿ ಹೊಗೆಗೆ ಬಲಿಯಾಗುವುದನ್ನು ಮಾರ್ಗನ್ ಗಮನಿಸಿದ್ದ. ಬಿಸಿಹೊಗೆ ಮೇಲಕ್ಕೇರುತ್ತದೆ, ನೆಲದ ಸಮೀಪ ಸ್ವಲ್ಪ ಹೊತ್ತಾದರೂ ಉಸಿರಾಡಬಹುದಾದ ಗಾಳಿ ಉಳಿದಿರುತ್ತದೆ. ಈ ಸರಳ ತಿಳಿವಳಿಕೆಯ ಮೇಲೆ ಆತ ತಲೆಯಿಂದ ಭುಜದವರೆಗೆ ಮುಚ್ಚುವ ಮುಸುಕೊಂದನ್ನು ರೂಪಿಸಿ, ಅದರಿಂದ ನೆಲದತ್ತ ಇಳಿಬೀಳುವ ಉದ್ದ ಕೊಳವೆಯೊಂದನ್ನು ಜೋಡಿಸಿದ. ಗಾಳಿಯನ್ನು ಸೋಸಿ ತಂಪಾಗಿಸಲು ಒದ್ದೆಯಾದ ಸ್ಪಂಜು ಇತ್ತು. 1912ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1914ರಲ್ಲಿ ಪಡೆದ. ಅದೇ ವರ್ಷ ನ್ಯೂಯಾರ್ಕಿನ ಸುರಕ್ಷತೆ ಮತ್ತು ನೈರ್ಮಲ್ಯದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಆ ಮುಸುಕಿಗೆ ಚಿನ್ನದ ಪದಕ ಬಂತು.

ವಸ್ತು ಒಳ್ಳೆಯದಿದ್ದರೂ ಮಾರುವ ಬಗೆ? ಕಪ್ಪು ಮನುಷ್ಯನೊಬ್ಬ ಮಾಡಿದ ಸಾಧನವನ್ನು ನಂಬಿ ತಮ್ಮ ಸಿಬ್ಬಂದಿಯ ಪ್ರಾಣ ಒಪ್ಪಿಸಲು, ಅದರಲ್ಲಿಯೂ ದಕ್ಷಿಣದ ರಾಜ್ಯಗಳಲ್ಲಿ, ನಗರಾಡಳಿತಗಳು ಸಿದ್ಧವಿರಲಿಲ್ಲ. ಮಾರ್ಗನ್ ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಪ್ರಾತ್ಯಕ್ಷಿಕೆಗಳಲ್ಲಿ ಮಾತನಾಡಲು ಬಿಳಿಯನೊಬ್ಬನನ್ನು ಮುಂದೆ ನಿಲ್ಲಿಸುತ್ತಿದ್ದ. ತಾನು ಬಿಗ್ ಚೀಫ್ ಮೇಸನ್ ಎಂಬ ಹೆಸರಿನ, ಕೆನಡಾದಿಂದ ಬಂದ ಮೂಲನಿವಾಸಿಯ ವೇಷ ಹಾಕುತ್ತಿದ್ದ. 1914ರ ಅಕ್ಟೋಬರಿನಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಡೇರೆಯೊಂದನ್ನು ಹಾಕಿ, ಅದರೊಳಗೆ ಡಾಂಬರು, ಗಂಧಕ, ಫಾರ್ಮಾಲ್ಡಿಹೈಡ್, ಗೊಬ್ಬರಗಳನ್ನು ಸುಟ್ಟು ದಟ್ಟಹೊಗೆ ಎಬ್ಬಿಸಲಾಯಿತು. ವೇಷಧಾರಿ ಮಾರ್ಗನ್ ಮುಸುಕು ಹಾಕಿಕೊಂಡು ಒಳಹೊಕ್ಕು, 20 ನಿಮಿಷ ಅಲ್ಲಿದ್ದು, ಏನೂ ಆಗದವನಂತೆ ಹೊರಬಂದ. ಜನ ಚಪ್ಪಾಳೆ ತಟ್ಟಿದ್ದು ಇಲ್ಲದ ಒಬ್ಬ ಮನುಷ್ಯನಿಗೆ. ಹೊಗೆಯಲ್ಲಿ ಉಸಿರು ಕಟ್ಟಿ ನಿಂತ ನಿಜವಾದ ಮನುಷ್ಯನ ಹೆಸರು ಯಾರಿಗೂ ತಿಳಿಯಲಿಲ್ಲ.

ತನ್ನ ಗಿರಾಕಿಗಳು ಕೂದಲಿನಲ್ಲಿ ಮಾಡುತ್ತಿದ್ದುದನ್ನೇ ಮಾರ್ಗನ್ ಇಲ್ಲಿ ತನ್ನ ಮುಖದಿಂದ ಮಾಡಬೇಕಾಯಿತು. ಇದ್ದುದನ್ನು ಮರೆಮಾಚಿ, ಪೇಟೆ ಒಪ್ಪುವ ರೂಪದಲ್ಲಿ ತೋರಿಸಿಕೊಳ್ಳುವುದು. ಲೇಪ ಮಾರುವವನಿಗೂ ಲೇಪ ಕೊಳ್ಳುವವಳಿಗೂ ಇದ್ದ ಕಟ್ಟುಪಾಡು ಒಂದೇ.

ಈ ಮರೆ ಕಳಚಿಬಿದ್ದದ್ದು 1916ರ ಜುಲೈ 24ರ ರಾತ್ರಿ. ಕ್ಲೀವ್‌ಲ್ಯಾಂಡಿಗೆ ಕುಡಿಯುವ ನೀರು ತರಲು ಈರಿ ಸರೋವರದ ತಳದಲ್ಲಿ ಸುರಂಗ ತೋಡಲಾಗುತ್ತಿತ್ತು. ಭೂಗರ್ಭದ ಅನಿಲ ನುಗ್ಗಿ ಸ್ಫೋಟವಾಗಿ ಕೆಲಸಗಾರರು ಒಳಗೆ ಸಿಕ್ಕಿಕೊಂಡರು. ಅವರನ್ನು ತರಲು ಇಳಿದ ತಂಡಗಳೂ ವಿಷಾನಿಲಕ್ಕೆ ಸಿಕ್ಕಿ ಬಿದ್ದವು. ನಡುರಾತ್ರಿ ಯಾರಿಗೋ ಮಾರ್ಗನ್‌ನ ಮುಸುಕು ನೆನಪಾಯಿತು. ನಿದ್ದೆಯಿಂದೆದ್ದ ಮಾರ್ಗನ್ ಮಲಗುವ ಉಡುಪಿನಲ್ಲಿಯೇ, ತಮ್ಮ ಫ್ರ್ಯಾಂಕ್‌ನನ್ನು ಜೊತೆಗೆ ಕರೆದುಕೊಂಡು, ಮುಸುಕುಗಳೊಂದಿಗೆ ಧಾವಿಸಿದ. ಮೇಲೆ ನಿಂತಿದ್ದವರು ಹಿಂಜರಿಯುತ್ತಿರುವಾಗ ಅಣ್ಣತಮ್ಮಂದಿರು ಸುರಂಗಕ್ಕಿಳಿದು ಇಬ್ಬರನ್ನು ಜೀವಂತವಾಗಿ ಹೊರತಂದರು. ಆಮೇಲೆ ಶವಗಳನ್ನೂ ಮೇಲೆತ್ತಿದರು. ಆ ದುರಂತದಲ್ಲಿ ಸುಮಾರು 20 ಮಂದಿ ಸತ್ತರು. ಮುಸುಕು ಕೆಲಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ.

ಸಿಕ್ಕ ಪ್ರತಿಫಲ ಮಾತ್ರ ಬೇರೆ ತೆರನಾದದ್ದು. ಸಾಹಸಿಗಳಿಗೆ ಕೊಡುವ ಕಾರ್ನೆಗಿ ಪದಕ ರಕ್ಷಣಾ ಕಾರ್ಯದಲ್ಲಿದ್ದ ಬೇರೆಯವರಿಗೆ ಬಂತು, ಮಾರ್ಗನ್‌ಗೆ ಬರಲಿಲ್ಲ. ನಗರಾಡಳಿತ ಆತನ ಪಾತ್ರವನ್ನು ಗುರುತಿಸಲು ಮನಸ್ಸು ಮಾಡಲಿಲ್ಲ. ಸುರಂಗದ ಅನಿಲದಿಂದ ತನ್ನ ಆರೋಗ್ಯ ಕೆಟ್ಟಿತೆಂದೂ ತನಗೆ ನ್ಯಾಯ ಸಿಗಲಿಲ್ಲವೆಂದೂ ಮೇಯರ್‌ಗೆ ಬರೆದ ಪತ್ರದಲ್ಲಿ ಮಾರ್ಗನ್ ತನ್ನ ನೋವನ್ನು ಮುಚ್ಚಿಡಲಿಲ್ಲ. ನಗರದ ಕೆಲವು ನಾಗರಿಕರು ಸೇರಿ ವಜ್ರ ಕೂರಿಸಿದ ಚಿನ್ನದ ಪದಕವೊಂದನ್ನು ಕೊಟ್ಟು ಗೌರವಿಸಿದರು ಎಂಬುದಷ್ಟೇ ಸಮಾಧಾನ. ಸಂಶೋಧಕ ಕಪ್ಪು ಮನುಷ್ಯನೆಂಬ ಸುದ್ದಿ ಹಬ್ಬಿದ ಮೇಲೆ ದಕ್ಷಿಣದ ಹಲವು ನಗರಗಳು ಮುಸುಕಿನ ಬೇಡಿಕೆಯನ್ನು ರದ್ದುಪಡಿಸಿದವೆಂದು ಜೀವನಚರಿತ್ರೆಗಳು ಹೇಳುತ್ತವೆ. ಕೂದಲಿನ ಲೇಪಕ್ಕೆ ಮಾತ್ರ ಬೇಡಿಕೆ ಉಳಿಯಿತು. ಅದನ್ನು ಕೊಳ್ಳುತ್ತಿದ್ದವರಿಗೆ ಮಾರುವವನ ಬಣ್ಣ ಅಡ್ಡಿಯಾಗಿರಲಿಲ್ಲ.

ಮಾರ್ಗನ್ ಈ ಹಣವನ್ನು ತನ್ನ ಜನದ ಕಡೆಗೆ ಹರಿಸಿದ್ದುಂಟು. 1908ರಲ್ಲಿಯೇ ಕ್ಲೀವ್‌ಲ್ಯಾಂಡಿನ ಕಪ್ಪು ಜನರ ಸಂಘವೊಂದರ ಸ್ಥಾಪನೆಯಲ್ಲಿ ಭಾಗಿಯಾಗಿದ್ದ. 1920ರಲ್ಲಿ ಕ್ಲೀವ್‌ಲ್ಯಾಂಡ್ ಕಾಲ್ ಎಂಬ ಪತ್ರಿಕೆಯನ್ನು ಆರಂಭಿಸಿದ. ಮುಂದೆ ಅದು ಕಾಲ್ ಅಂಡ್ ಪೋಸ್ಟ್ ಆಗಿ ಬೆಳೆಯಿತು. 1923ರಲ್ಲಿ ಸಂಚಾರ ಸಂಕೇತಕ್ಕೆ ಪೇಟೆಂಟ್ ಪಡೆದ. ಸಂಚಾರ ದೀಪವನ್ನೇ ಆತ ಕಂಡುಹಿಡಿದನೆಂದು ಹೇಳುವುದು ಅತಿಶಯ. ವಿದ್ಯುತ್ ಸಂಕೇತ ಅದೇ ನಗರದಲ್ಲಿ 1914ರಲ್ಲಿಯೇ ಬಂದಿತ್ತು. ನಿಲ್ಲು, ಹೋಗು ಎಂಬೆರಡರ ಜೊತೆಗೆ ಎಲ್ಲ ದಿಕ್ಕಿನ ವಾಹನಗಳನ್ನೂ ತಡೆದು ನಿಲ್ಲಿಸುವ 3ನೆಯ ಸ್ಥಿತಿಯನ್ನು ಕೈಯಿಂದ ತಿರುಗಿಸುವ ಕಂಬದಲ್ಲಿ ಅಳವಡಿಸಿದ್ದು ಮಾರ್ಗನ್‌ನ ಕೊಡುಗೆ. 1931ರಲ್ಲಿ ನಗರಸಭೆಗೆ ಪಕ್ಷೇತರನಾಗಿ ನಿಂತು ಸೋತ. 1940ರ ದಶಕದಲ್ಲಿ ಗ್ಲಾಕೋಮಾದಿಂದ ಕಣ್ಣಿನ ದೃಷ್ಟಿ ಬಹುಪಾಲು ಹೋಯಿತು. 1963ರ ಜುಲೈ 27ರಂದು ತೀರಿಕೊಂಡಾಗ ವಯಸ್ಸು 86. ಅದಾದ ಒಂದೇ ತಿಂಗಳಿಗೆ ಕಪ್ಪು ಜನರ ಹಕ್ಕುಗಳಿಗಾಗಿ ವಾಷಿಂಗ್ಟನ್‌ನಲ್ಲಿ ಆ ಮಹಾಮೆರವಣಿಗೆ ನಡೆಯಿತು. ಆ ದಶಕ ಮುಗಿಯುವ ಹೊತ್ತಿಗೆ ಹೊಸ ತಲೆಮಾರು ಗುಂಗುರನ್ನು ಇದ್ದಂತೆಯೇ ಬೆಳೆಸಿ ಅದನ್ನು ಸ್ವಾಭಿಮಾನದ ಗುರುತಾಗಿಸಿಕೊಂಡಿತು. ಹರೆಯದಲ್ಲಿ ಸುಡುವ ಲೇಪವನ್ನು ತಲೆಗೆ ಹಚ್ಚಿಕೊಂಡು ನೋವು ತಿಂದಿದ್ದ ಮಾಲ್ಕಂ ಎಕ್ಸ್, 1965ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಅದನ್ನು ತನ್ನ ಅಧಃಪತನದ ಮೊದಲ ಮೆಟ್ಟಿಲೆಂದು ಬಗೆದ.

ಈ ಲೇಪಗಳು ಮಾಡುವುದಾದರೂ ಏನು? ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಎಳೆಗಳನ್ನು ಗಂಧಕದ ಬಂಧಗಳು ಒಂದಕ್ಕೊಂದು ಬಿಗಿದು ಹಿಡಿದಿರುತ್ತವೆ. ಪ್ರಬಲವಾದ ಕ್ಷಾರವೋ ಬೇರೊಂದು ರಾಸಾಯನಿಕವೋ ಆ ಬಂಧಗಳನ್ನು ಮುರಿದಾಗ ಕೂದಲನ್ನು ಬೇಕಾದ ಆಕಾರಕ್ಕೆ ಎಳೆದು ನಿಲ್ಲಿಸಬಹುದು. 20ನೇ ಶತಮಾನದ ನಡುಭಾಗದಿಂದ ಬಳಕೆಗೆ ಬಂದ ಹಲವು ಲೇಪಗಳಲ್ಲಿ ಇದ್ದದ್ದು ಕಾಸ್ಟಿಕ್ ಸೋಡಾ, ಚರಂಡಿ ಕಟ್ಟಿದಾಗ ಸುರಿಯುವ ಅದೇ ಪದಾರ್ಥ. ಹೊತ್ತು ಸ್ವಲ್ಪ ಮೀರಿದರೂ ನೆತ್ತಿ ಸುಡುತ್ತದೆ. ಕೂದಲಿನ ಬೇರಿಗೆ ಇದಾವುದರ ಪರಿವೆಯಿಲ್ಲ. ಹೊಸದಾಗಿ ಮೊಳೆಯುವ ಕೂದಲು ಮತ್ತೆ ಗುಂಗುರಾಗಿಯೇ ಬರುತ್ತದೆ. ಆದ್ದರಿಂದ ಕೆಲವು ವಾರಗಳಿಗೊಮ್ಮೆ, ತಿಂಗಳುಗಳಿಗೊಮ್ಮೆ ಅದೇ ಕುರ್ಚಿಗೆ ಮರಳಬೇಕು. ಒಮ್ಮೆ ಹಿಡಿದರೆ ಬಿಡದ ಗಿರಾಕಿ ಸಿಕ್ಕುವುದು ಹೀಗೆ.

ಇದರ ಬೆಲೆಯನ್ನು ವಿಜ್ಞಾನ ಲೆಕ್ಕಹಾಕತೊಡಗಿದ್ದು ಬಹಳ ತಡವಾಗಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಇಂಥ ಲೇಪವನ್ನು ಬಳಸದವರಲ್ಲಿ 70 ವರ್ಷ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64 ಎಂದೂ, ವರ್ಷಕ್ಕೆ 4ಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ ಅದು ಶೇ 4.05 ಎಂದೂ ಅವರು ಅಂದಾಜು ಮಾಡಿದರು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಿದ್ಧಪಡಿಸಿಲ್ಲ. ಆದರೆ ತಳ್ಳಿಹಾಕುವಷ್ಟು ಸಣ್ಣ ವ್ಯತ್ಯಾಸವೂ ಇದಲ್ಲ. ಕೆರಾಟಿನ್ ಹೆಸರಿನ ಕೆಲವು ಚಿಕಿತ್ಸೆಗಳಲ್ಲಿ ಕಾಯಿಸಿದಾಗ ಹೊಮ್ಮುವುದು ಫಾರ್ಮಾಲ್ಡಿಹೈಡ್. ತನ್ನ ಮುಸುಕಿನ ಬಲವನ್ನು ತೋರಿಸಲು ಮಾರ್ಗನ್ ಡೇರೆಯೊಳಗೆ ಸುಟ್ಟ ಪದಾರ್ಥಗಳಲ್ಲಿ ಅದೂ ಒಂದು. ಅದನ್ನು ಕೂದಲಿನ ಲೇಪಗಳಲ್ಲಿ ನಿಷೇಧಿಸುವ ಇರಾದೆಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಪ್ರಕಟಿಸಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪದಿಂದ ಯುವತಿಯೊಬ್ಬಳ ಮೂತ್ರಪಿಂಡಕ್ಕೆ ಮತ್ತೆ ಮತ್ತೆ ಹಾನಿಯಾದ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ದಾಖಲಿಸಿದರು. ಹೊಗೆಗೆ ಹೋಗುವವನಿಗೆ ಮುಸುಕು ಕೊಟ್ಟ ಉದ್ಯಮಶೀಲತೆ, ಪಾರ್ಲರಿನ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಆ ಆವಿಯನ್ನು ಉಸಿರಾಡುವ ಹುಡುಗಿಯರಿಗೆ ಏನನ್ನೂ ಕೊಟ್ಟಂತಿಲ್ಲ.

ಹಾಗೆಂದು ಮಾರ್ಗನ್‌ನನ್ನು ಖಳನಾಗಿಸುವುದು ಸುಲಭದ ದಾರಿ, ಅನ್ಯಾಯವೂ ಹೌದು. ಕುರ್ಚಿಯಲ್ಲಿ ಕೂರುವ ಹೆಣ್ಣುಮಗಳಿಗೆ ಸ್ವಾಭಿಮಾನದ ಪಾಠ ಹೇಳುವುದು ಅದಕ್ಕಿಂತಲೂ ಸುಲಭ. ಇಬ್ಬರೂ ತಮ್ಮೆದುರಿಗಿದ್ದ ಸಮಾಜದ ಕಣ್ಣನ್ನು ಸರಿಯಾಗಿಯೇ ಓದಿದವರು. ನೆಟ್ಟಗಿನ ಕೂದಲಿಗೆ ಕೆಲಸ ಸಿಗುತ್ತದೆ, ಗುಂಗುರಿಗೆ ಸಿಗುವುದಿಲ್ಲ ಎಂಬುದು ಅವರ ಭ್ರಮೆಯಾಗಿರಲಿಲ್ಲ. ಕೂದಲಿನ ಸಹಜ ರೂಪದ ಕಾರಣಕ್ಕೆ ಶಾಲೆಯಲ್ಲಿ, ಕಚೇರಿಯಲ್ಲಿ ತಾರತಮ್ಯ ಮಾಡಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಬೇಕಾಗಿ ಬಂತು. ಆಮೇಲೆ ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ಮಾರ್ಗನ್‌ನ ಕಂಪನಿ ಹುಟ್ಟಿ 100 ವರ್ಷ ಕಳೆದ ಮೇಲೂ ಇಂಥ ಕಾನೂನು ಬೇಕಾಯಿತೆಂದರೆ, ಅಷ್ಟು ಕಾಲ ತಿದ್ದಿಕೊಳ್ಳುತ್ತಿದ್ದವರು ಕೂದಲಿನವರು ಮಾತ್ರ, ನೋಡುವವರಲ್ಲ.

ನಮ್ಮಲ್ಲಿ ಜನಾಂಗದ ಆ ಇತಿಹಾಸವಿಲ್ಲವೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳು ತಲೆಮಾರುಗಳಿಂದ ಇಲ್ಲಿಯವರೇ ಆಗಿದ್ದರೂ, ಅವರ ಮೈಬಣ್ಣ, ಗುಂಗುರು ಕೂದಲು ನೋಡಿ ಎಲ್ಲಿಯವರೆಂದು ಕೇಳುವವರುಂಟು. ಗುಂಗುರು ಕೂದಲಿನ ಮಗುವಿಗೆ ತಲೆ ಬಾಚುವಾಗ ಮನೆಯವರೇ ಆಡುವ ಮಾತುಗಳನ್ನು ನೆನೆದರೂ ಸಾಕು. ಪಾರ್ಲರಿನ ದರಪಟ್ಟಿಯಲ್ಲಿ ಕಾಣುವ ಬೇಡಿಕೆಯ ಬೀಜ ಬಿದ್ದಿರುವುದು ಅಲ್ಲಿ.

ಮಾರ್ಗನ್‌ಗೆ ಪದಕ ಕೊಡಲು ಹಿಂಜರಿದ ಕ್ಲೀವ್‌ಲ್ಯಾಂಡ್ ನಗರ, 1991ರಲ್ಲಿ ತನ್ನ ನೀರು ಶುದ್ಧೀಕರಣ ಘಟಕವೊಂದಕ್ಕೆ ಆತನ ಹೆಸರಿಟ್ಟಿತು. ಆತ ಸತ್ತು ಆಗ 28 ವರ್ಷವಾಗಿತ್ತು. ಮುಸುಕಿನ ಸಾಲ ತಡವಾಗಿಯಾದರೂ ಹೀಗೆ ತೀರಿತು. ಆತನ ಲೇಪವನ್ನು ಕೊಂಡು, ಉರಿಯನ್ನು ನುಂಗಿಕೊಂಡು, ಮರುದಿನ ಕೆಲಸಕ್ಕೆ ಹಾಜರಾದ ಹೆಂಗಸರ ಲೆಕ್ಕವನ್ನು ಈಗ ಆಸ್ಪತ್ರೆಗಳೂ ನ್ಯಾಯಾಲಯಗಳೂ ನೋಡುತ್ತಿವೆ.